ಸುಟ್‌ಬಂಡೆಯ ವಯಸ್ಸು

ಕಲ್ಲಿಗೆ ಎರಡು ವಯಸ್ಸು. ಕುದಿಯುವ ರಸ ಹೆಪ್ಪುಗಟ್ಟಿ ಕಲ್ಲಾಗಿ ಹುಟ್ಟಿದ್ದು ಒಂದು, ಕೊನೆಯ ಸಲ ಕಾದು ತಣ್ಣಗಾದದ್ದು ಇನ್ನೊಂದು. ಎರಡನ್ನೂ ಒಳಗಿನ ಹರಳುಗಳಿಂದ ಲೆಕ್ಕ ಹಾಕುವುದೇ ನನ್ನ ಪಿಎಚ್.ಡಿ. ಅದಕ್ಕೆ ಆರಿಸಿಕೊಂಡದ್ದು ಕಗ್ಗದಾಸಪುರದ ನಮ್ಮ ಮನೆಯ ಹಿಂದಿನ ಬಂಡೆಯನ್ನು. ಚಿಕ್ಕಂದಿನಲ್ಲಿ ಜಾರಿ ಲಂಗ ಹರಿದುಕೊಂಡ ಬಂಡೆ. ಅದರ ಮೇಲ್ಭಾಗದಿಂದ ಒಂದು ಚೂರು ಹೊಡೆದುಕೊಂಡು ಹಾಸ್ಟೆಲಿಗೆ ಬಂದಿದ್ದೆ.

ಹುಟ್ಟಿದ ವಯಸ್ಸು ಸಲೀಸಾಗಿ ಸಿಕ್ಕಿತು, ಇನ್ನೂರೈವತ್ತು ಕೋಟಿ ವರ್ಷದ ಆಸುಪಾಸು. ತಣ್ಣಗಾದ ವಯಸ್ಸು ಮಾತ್ರ ನನ್ನನ್ನು ಗೋಳುಹೊಯ್ದುಕೊಂಡಿತು. ಅದನ್ನು ಹೇಳುವ ಹರಳುಗಳು ಬಲು ನಾಜೂಕು, ಶಾಖ ತಾಗಿದರೆ ಅವುಗಳ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಎಷ್ಟು ಸಲ ಅಳೆದರೂ ಕಲ್ಲನ್ನು ನಿನ್ನೆ ಮೊನ್ನೆ ಒಲೆಯಿಂದ ಇಳಿಸಿದ ಹಾಗೆ ಉತ್ತರ. ಬೆಂಗಳೂರಿನಲ್ಲಿ ಜ್ವಾಲಾಮುಖಿ ಎಲ್ಲಿಂದ ತರಲಿ? ಹರಳು ಆರಿಸಿ ಆರಿಸಿ ಕಣ್ಣು ಉರಿಯಿತು, ಯಂತ್ರವನ್ನು ಒದೆಯಬೇಕು ಅನ್ನಿಸಿತು. ಗೈಡ್ ನನ್ನ ಕೈಗುಣವನ್ನೇ ಬೈದು, ಹೊಸ ಚೂರು ತರದಿದ್ದರೆ ಕೊನೆಯ ಅಧ್ಯಾಯವನ್ನೇ ಬಿಡಬೇಕಾಗುತ್ತದೆ ಎಂದರು. ಅಧ್ಯಾಯ ಹೋದರೆ ಪ್ರಬಂಧದಲ್ಲಿ ಉಳಿಯುವುದು ರಟ್ಟು ಮಾತ್ರ.

ಹೊಸ ಚೂರು ತರಲು ಎಷ್ಟೋ ತಿಂಗಳ ಮೇಲೆ ಮನೆಗೆ ಹೊರಟೆ. ಹಲಸೂರಿನಲ್ಲಿ ಆಟೋ ಹತ್ತಿ, ಎಂದಿನಂತೆ ಸುಟ್‌ಬಂಡೆ ಹತ್ತಿರ ಬಿಡಿ ಎಂದೆ. ಓಡಿಸುತ್ತಿದ್ದವರು ಶಿವಾಜಿನಗರದ ಸಾಬರು, ಆ ಕಡೆಗೆ ಹೊಸಬರು.

"ಏನ್ ಮೇಡಂ ಹೆಸ್ರು ಅದು? ಸುಟ್ಟಿದ್ದು ಯಾರು?"

"ನಮ್ ತಾತ ಅವ್ರ ಕಾಲ್ದಲ್ಲಿ ಬಂಡೆ ಮೇಲೆ ಸೌದೆ ಉರ್ಸಿ ಚಪ್ಪಡಿ ಎಬ್ಬಿಸ್ತಿದ್ರು..." ಎನ್ನುತ್ತಿದ್ದಂತೆ ಹರಳುಗಳ ಸೊನ್ನೆಗೆ ಬಂದ ಗಡಿಯಾರ ನೆನಪಾಯಿತು.

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಹುಟ್ಟಿದಾಗಿನಿಂದ ದಿನಾ ಹೇಳುವ ಹೆಸರು. ಅದರಲ್ಲಿ 'ಸುಟ್ಟ' ಎನ್ನುವ ಮಾತಿದೆ ಎಂದು ಒಮ್ಮೆಯಾದರೂ ಕಿವಿಗೆ ಬಿದ್ದಿರಲಿಲ್ಲ. ನನ್ನ ಮೇಲೇ ಸಿಟ್ಟು ಬಂತು. ಆದರೂ ದಾರಿ ಸಿಕ್ಕಿತ್ತು. ಸೌದೆಯ ಬಿಸಿ ಎಷ್ಟು ಆಳಕ್ಕೆ ಇಳಿದೀತು? ಕೆಳಗಿನ ಕಲ್ಲು ತೆಗೆದರೆ ನಿಜವಾದ ವಯಸ್ಸು ಅಲ್ಲೇ ಇರುತ್ತದೆ. ಆಟೋ ಸಿಗ್ನಲಿನಲ್ಲಿ ನಿಂತಾಗಲೆಲ್ಲ ಇಳಿದು ಓಡೋಣ ಎನ್ನಿಸುತ್ತಿತ್ತು.

ಇಳಿದಾಗ ಬಂಡೆ ಇರಲಿಲ್ಲ. ತಗಡಿನ ಬೇಲಿ, ಅದರೊಳಗೆ ಅಪಾರ್ಟ್‌ಮೆಂಟಿನ ಪಾಯಕ್ಕೆ ತೋಡಿದ ಗುಂಡಿ, ತಳಕ್ಕೆ ಆಗಲೇ ಕಾಂಕ್ರೀಟು. ಬೇಲಿ ಕಾಯುವವನನ್ನು ಕೇಳಿದರೆ, ಒಳಗಿನ ಗಟ್ಟಿ ಕಲ್ಲೆಲ್ಲ ಲಾರಿಯಲ್ಲಿ ಜಲ್ಲಿ ಮಷೀನಿಗೆ ಹೋಯಿತು ಎಂದ. ಉಳಿದಿದ್ದು ಯಾರಿಗೂ ಬೇಡವಾದ ಹಳೆಯ ಚಪ್ಪಡಿಗಳು, ಬೇಲಿಗೆ ಒರಗಿಸಿಟ್ಟಿದ್ದವು. ಒಂದೊಂದೂ ಬೆಂಕಿ ತಿಂದದ್ದೇ. ಅವುಗಳ ಮುಂದೆ ನಿಂತು ಅತ್ತೆ.

ಗೈಡ್ ಫೋನು ಮಾಡಿದರು. ಕಲ್ಲು ಕೊನೆಯ ಸಲ ಕಾದದ್ದು ಯಾವ ಘಟನೆಯಲ್ಲಿ ಎಂದು ಏನಾದರೂ ಹೊಳೆಯಿತೇ ಎಂದು ಕೇಳಿದರು.

"ಹೊಳೀತು ಸಾರ್," ಎಂದೆ. "ನಮ್ ತಾತ."