ಚಾಕು ಇದ್ದ ಜಾಗ

ಯಾರ ಮನೆಯ ಕರೆಗಂಟೆ ಒತ್ತುವ ಮೊದಲೂ ಮೋಹಿನಿಯ ಬಲಗೈ ಒಮ್ಮೆ ಚೀಲದೊಳಗೆ ಹೋಗಿಬರುತ್ತಿತ್ತು. ಎಣ್ಣೆಯ ಬಾಟಲಿ, ಸೂಜಿಯ ಡಬ್ಬಿ, ಸವೆದ ಹಲ್ಲುಜ್ಜುವ ಬ್ರಷ್ಷುಗಳ ನಡುವೆ ಅಂಗೈಯುದ್ದದ ಒಂದು ಉಕ್ಕಿನ ತುಂಡು ಅಲ್ಲಿ ತಣ್ಣಗೆ ಮಲಗಿರುತ್ತಿತ್ತು. ಅದನ್ನು ಮುಟ್ಟಿದ ಮೇಲೆಯೇ ಬೆರಳು ಗಂಟೆಯ ಗುಂಡಿಗೆ ಹೋಗುವುದು. ಒಳಗಿನಿಂದ "ಕೌನ್?" ಎಂದು ಯಾರಾದರೂ ಕೂಗಿದರೆ "ಸಿಲಾಯಿ ಮಶೀನ್‌ವಾಲಿ" ಎಂದು ಹೇಳುವಷ್ಟು ದನಿ ಆಗ ಬರುತ್ತಿತ್ತು.

ಕಾರ್ಕಳದ ಕಡೆಯಿಂದ ಮದುವೆಯಾಗಿ ಮುಂಬಯಿಯ ಸಯನ್‌ಗೆ ಬಂದವಳು. ಗಂಡ ಧನರಾಜ್ ಪನ್ವೇಲಿನ ಹೋಟೆಲೊಂದರ ಅಡಿಗೆಯವನು. ವಾರದ ರಜೆಗೆ ಮನೆಗೆ ಬಂದು, ಉಂಡು, ಮಲಗಿ, ಎದ್ದು ಹೋಗುವವನು. ಮೋಹಿನಿ ಒಂದು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂರುತ್ತಿದ್ದಳು. ಅಲ್ಲಿ ಬಟ್ಟೆಗಿಂತ ಯಂತ್ರದ ಸದ್ದೇ ಅವಳಿಗೆ ಹೆಚ್ಚು ಹತ್ತಿರವಾಯಿತು. ಪಕ್ಕದವಳ ಮಶೀನು ಕೆಮ್ಮಿದರೆ ಇವಳ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಕಾರ್ಖಾನೆ ಮುಚ್ಚಿದಾಗ ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತೇನೆ ಎಂದಳು. ಧನರಾಜ್ ನಕ್ಕ. ಅಣ್ಣ ಸುಕೇಶ ನಗಲಿಲ್ಲ. ಮಾಟುಂಗದ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅವನು ಡ್ರಾಯರಿನಿಂದ ಒಂದು ಮಡಚುವ ಇಕ್ಕಳ ತೆಗೆದು ತಂಗಿಯ ಕೈಗಿಟ್ಟ. ಹಡಗಿನಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬ ತಂದುಕೊಟ್ಟದ್ದು. ಮಧ್ಯದಲ್ಲಿ ಇಕ್ಕಳದ ಮೂತಿ. ಎರಡು ಹಿಡಿಗಳ ಹೊಟ್ಟೆಯಲ್ಲಿ ಒಂದರ ಪಕ್ಕ ಒಂದು ಮಡಚಿಕೊಂಡ ಗರಗಸ, ಕತ್ತರಿ, ಬಾಟಲಿ ಓಪನರ್, ಚಾಕು.

"ಪರಿಚಯ ಇಲ್ಲದವರ ಮನೆಗೆ ಒಬ್ಬಳೇ ಹೋಗುದು. ಇದರಲ್ಲಿ ಚಾಕು ಉಂಟು. ತೆಗೆಯುವ ಕಾಲ ಬರ್ಲಿಕ್ಕಿಲ್ಲ. ಆದ್ರೂ ಚೀಲದಲ್ಲಿ ಇರ್ಲಿ," ಎಂದಿದ್ದ.

ಮುಂಬಯಿಯ ಹೊಲಿಗೆ ಯಂತ್ರಗಳಿಗೆ ಬಾಟಲಿ ಓಪನರಿನಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಮೋಹಿನಿ ಹಿಡಿಯ ತಿರುಪು ಬಿಚ್ಚಿ ಮೊದಲು ಅದನ್ನು ತೆಗೆದಳು. ಆ ಜಾಗಕ್ಕೆ ಅಡಿನೂಲಿನ ಉರುಳೆ ಕೂರುವ ಬಾಬಿನ್ ಕೇಸಿನ ತಿರುಪಿಗೆ ಹೊಂದುವ ಸಪೂರ ಸ್ಕ್ರೂಡ್ರೈವರ್ ಕೂರಿಸಿದಳು. ಗರಗಸ ಹೋಗಿ, ನೂಲಿನ ಕಸ ಎಳೆಯುವ ಕೊಕ್ಕೆ ಬಂತು. ಕತ್ತರಿ ಸವೆದಾಗ ಇನ್ನೊಂದು ಹಳೆಯ ಇಕ್ಕಳದ ಕತ್ತರಿ ಬಂತು. ಹಾಗೆ ಅದು ನಿಧಾನವಾಗಿ ಹಡಗನ್ನು ಮರೆತು ಅವಳದಾಯಿತು. ಚಾಕುವನ್ನು ಮಾತ್ರ ಅವಳು ಮುಟ್ಟಲಿಲ್ಲ. ನೂಲು ಕತ್ತರಿಸಲಿಕ್ಕೂ ತೆಗೆಯಲಿಲ್ಲ. ಅದು ಕೆಲಸಕ್ಕೆ ಇದ್ದದ್ದಲ್ಲ.

ಕೆಲಸಕ್ಕೆ ಹೊರಟ ಹೊಸತರಲ್ಲಿ ಚೆಂಬೂರಿನ ಒಂದು ಫ್ಲ್ಯಾಟಿಗೆ ಹೋಗಿದ್ದಳು. ಬಾಗಿಲು ತೆರೆದ ಗಂಡಸು ಅವಳನ್ನು ಒಳಗೆ ಬಿಟ್ಟು ಮೇಲಿನ ಚಿಲಕ ಹಾಕಿದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲು ತೆಗೆದಿಡಿ ಎನ್ನಬೇಕು. ಆದರೆ ಹಾಗೆಂದರೆ, ಇವಳು ನಮ್ಮನ್ನು ಏನೆಂದುಕೊಂಡಳು ಎಂದು ಅವರು ಅಂದುಕೊಂಡರೆ? ಇನ್ನೊಮ್ಮೆ ಕರೆಯದಿದ್ದರೆ? ಮೋಹಿನಿ ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ, ಇನ್ನೊಂದು ಕೈಯನ್ನು ಚೀಲದೊಳಗೇ ಇಟ್ಟುಕೊಂಡು ಕೆಲಸ ಮುಗಿಸಿದಳು. ಹೊರಡುವಾಗ ಸೋಫಾದ ಅಡಿಯಿಂದ ಒಂದು ಕೆಂಚು ಬೆಕ್ಕು ಮೈಮುರಿಯುತ್ತ ಬಂತು. "ಬಿಲ್ಲಿ ಭಾಗ್ ಜಾತೀ ಹೈ," ಎಂದು ಆತ ನಾಚಿಕೊಂಡು ಚಿಲಕ ತೆಗೆದ. ಬೆಕ್ಕು ಓಡಿಹೋಗಬಾರದೆಂದು ಹಾಕಿದ ಚಿಲಕ. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೂ ಅವಳ ಮುಷ್ಟಿ ಬಿಚ್ಚಿರಲಿಲ್ಲ.

ಅಂದಿನಿಂದ ಎಷ್ಟೋ ಬಾಗಿಲುಗಳು ಅವಳ ಹಿಂದೆ ಮುಚ್ಚಿಕೊಂಡವು. ಬೇಡವೆಂದು ಅವಳು ಒಮ್ಮೆಯೂ ಹೇಳಲಿಲ್ಲ. ಚಾಕು ಇತ್ತಲ್ಲ.

ಈ ವರ್ಷ ಅಂಧೇರಿಯ ಹೊಲಿಗೆ ಕ್ಲಾಸೊಂದರಿಂದ ಕರೆ ಬಂತು. ಕೋಣೆ ತುಂಬ ಮಶೀನು, ವಾರಕ್ಕೊಮ್ಮೆ ಬಂದು ನೋಡಿಕೊಳ್ಳಬೇಕು. ಇಂಥ ಕಾಯಂ ಕೆಲಸ ಅವಳಿಗೆ ಎಂದೂ ಸಿಕ್ಕಿರಲಿಲ್ಲ. ಲೋಕಲ್ ರೈಲಿನಲ್ಲಿ ಘಾಟ್ಕೋಪರ್‌ಗೆ ಹೋಗಿ, ಅಲ್ಲಿಂದ ಮೆಟ್ರೋ ಹಿಡಿಯಬೇಕು. ಮೊದಲ ದಿನ ಮೆಟ್ರೋದ ತಪಾಸಣೆಯಲ್ಲಿ ಚೀಲ ಯಂತ್ರದೊಳಗಿಂದ ಹೊರಬಂದು ನಿಂತುಬಿಟ್ಟಿತು.

"ಮೌಶಿ, ಬ್ಯಾಗ್ ಖೋಲೋ," ಎಂದಳು ಕಾವಲಿನ ಹುಡುಗಿ. ಎದೆಯ ಮೇಲಿನ ಪಟ್ಟಿಯಲ್ಲಿ ಸೋನಾಲಿ ಎಂದಿತ್ತು. ಇಕ್ಕಳವನ್ನು ಕೈಯಲ್ಲಿ ತಿರುಗಿಸಿ, ಸ್ಕ್ರೂಡ್ರೈವರ್ ಬಿಡಿಸಿದಳು, ಕೊಕ್ಕೆ ಬಿಡಿಸಿದಳು. ಚಾಕುವಿನ ಗೀರಿಗೆ ಉಗುರು ಕೊಟ್ಟು ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. "ಯೇ ತೋ ಖುಲ್ತಾ ಹೀ ನಹೀ!"

ಮೋಹಿನಿ ಕಸಿದುಕೊಂಡಂತೆ ತೆಗೆದುಕೊಂಡು ತಾನೇ ಎಳೆದಳು. ಉಗುರು ಮುರಿಯಿತು. ಚಾಕು ಅಲುಗಲಿಲ್ಲ.

ಸೋನಾಲಿ ಗದರಿಸಲಿಲ್ಲ, ತೆರೆಯದ್ದನ್ನು ಇಟ್ಟುಕೊಳ್ಳುವುದೇಕೆಂದು ನಿಜವಾಗಿಯೂ ತಿಳಿಯದೆ ಕೇಳಿದಳು: "ನಹೀ ಖುಲ್ತಾ ತೋ ರಖ್ತೀ ಕ್ಯೂ ಹೋ, ಮೌಶಿ?" ಆಮೇಲೆ ತಲೆಯಾಡಿಸಿದಳು. ತೆರೆಯಲಿ ಬಿಡಲಿ, ಚಾಕು ಚಾಕುವೇ. ಒಂದೋ ಅದನ್ನು ಇಲ್ಲಿ ಬಿಡಬೇಕು, ಇಲ್ಲವೇ ಹಿಂದೆ ಹೋಗಬೇಕು.

"ಆಂಟಿ ತೋ ಡಾನ್ ನಿಕ್ಲೀ," ಎಂದು ಸಾಲಿನಲ್ಲಿ ಯಾರೋ ಅಂದರು. ಒಂದಿಬ್ಬರು ನಕ್ಕರು. ಮೋಹಿನಿ ಚೀಲವನ್ನು ಎದೆಗೊತ್ತಿಕೊಂಡು ತಿರುಗಿದಳು.

ಬಸ್ಸು ಹಿಡಿದು ಅಂಧೇರಿ ಮುಟ್ಟುವಾಗ ಕ್ಲಾಸು ಖಾಲಿಯಾಗಿತ್ತು. ಅದನ್ನು ನಡೆಸುವ ವಿಜೇತಾ ಬೀಗದ ಕೈ ಹಿಡಿದುಕೊಂಡೇ ನಿಂತಿದ್ದಳು. ಮಂಗಳೂರಿನವರ ಮಗಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ. "ಆಂಟಿ, ಲಡ್ಕಿಯರು ವೇಟ್ ಮಾಡಿ ಮಾಡಿ ಹೋದ್ರು. ನೆಕ್ಸ್ಟ್ ವೀಕ್ ಟೈಮ್‌ಗೆ ಬರ್ಬೇಕು ಹಾಂ. ಇಲ್ಲಾಂದ್ರೆ ನಾನು ಬೇರೆ ಕೋಯಿ ನೋಡ್ಬೇಕಾಗ್ತದೆ. ಬುರಾ ಮತ್ ಮಾನ್ನಾ."

ಮೋಹಿನಿ ನೇರ ಅಣ್ಣನ ಹೋಟೆಲಿಗೆ ಹೋದಳು. ಮಧ್ಯಾಹ್ನದ ಊಟದ ಗದ್ದಲ ಇಳಿದಿತ್ತು. ಇಕ್ಕಳವನ್ನು ಗಲ್ಲಾದ ಮೇಲಿಟ್ಟು, "ಅಣ್ಣ, ಈ ಚಾಕು ತೆಗೆ ನೋಡುವ," ಎಂದಳು.

"ಎಂಥ ಮಾರಾಯ್ತಿ, ಕಾಫಿಗೆ ಹೇಳುದರ ಮೊದಲೇ ಚಾಕು ತೆಗಿ ಅಂತಿ?" ಸುಕೇಶ ನಗುತ್ತ ಉಗುರು ಹಾಕಿದ. ಆಮೇಲೆ ಚಮಚದ ತುದಿ ಹಾಕಿದ. ಆಮೇಲೆ ನಗು ನಿಲ್ಲಿಸಿದ. "ಇದು ಹಿಡಿದು ಹೋಗಿದೆಯಲ್ಲ. ಯಾವಾಗಿಂದ?"

"ಯಾರಿಗೆ ಗೊತ್ತು? ನಾನು ತೆಗ್ದದ್ದೇ ಇಲ್ಲ." ಮೆಟ್ರೋದಲ್ಲಿ ತಡೆದದ್ದನ್ನೂ ವಿಜೇತಾ ಹೇಳಿದ್ದನ್ನೂ ತಿಳಿಸಿದಳು.

ಸುಕೇಶ ತಂಗಿಯ ಮುಖ ನೋಡಿದ. ಅವಳು ಹತ್ತಿಳಿದ ಕಟ್ಟಡಗಳೆಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಗಿರಾಕಿ ಚಾಚಿದ ಬಿಲ್ಲನ್ನು ಗಮನಿಸದೆ ಕೂತ.

"ಸೀಮೆಎಣ್ಣೆ ಹಾಕಿದ್ರೆ ಬಿಡ್ತದೆ," ಎಂದ ಕೊನೆಗೆ. "ಆದ್ರೆ ಅದನ್ನು ಬಿಚ್ಚಿ ಹೊರಗೆ ಹಾಕ್ಬೇಡ. ಮೆಟ್ರೋ ಬೇಡ, ಬಸ್ಸಲ್ಲಿ ಹೋಗು."

"ಬಸ್ಸಲ್ಲಿ ಹೋದ್ರೆ ಆ ಕೆಲಸ ಇಲ್ಲ."

"ಹಾಗಾದ್ರೆ ಆ ಕೆಲಸವೇ ಬೇಡ. ಚಾಕು ಇಲ್ಲದೆ ನೀನು ಹೇಗೆ ಹೋಗುದು?"

"ಇಷ್ಟು ವರ್ಷ ಹೇಗೆ ಹೋದದ್ದು?"

ಕೇಳಿದ ಮೇಲೆ ಅವಳೇ ಆ ಮಾತಿಗೆ ಬೆರಗಾದಳು. ಸುಕೇಶ ಕಾಫಿಗೆ ಕೈಸನ್ನೆ ಮಾಡಿದ. ಕಾಫಿ ಬಂತು. ಇಬ್ಬರೂ ಕುಡಿದರು.

ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಹಳೆಯ ಪೇಪರ್ ಹಾಸಿ, ಸೀಮೆಎಣ್ಣೆಯಲ್ಲಿ ನೆನೆದ ಇಕ್ಕಳವನ್ನು ಬಿಚ್ಚಿದಳು. ಚಾಕು ಬುಡದಿಂದ ಮೆಲ್ಲನೆ ಸಡಿಲಾಗಿ ಹೊರಬಂತು. ಅದರ ಜಾಗದಲ್ಲಿ ತುಕ್ಕು ಹೆಚ್ಚಿರಲಿಲ್ಲ. ಇದ್ದದ್ದು ನೂಲಿನ ಜೂಲು. ಯಂತ್ರಗಳ ಎಣ್ಣೆ ಕುಡಿದು ಗಟ್ಟಿಯಾಗಿ, ಪದರ ಪದರವಾಗಿ ಕೂತಿತ್ತು. ಸೂಜಿಯಿಂದ ಕೆರೆದಾಗ ಬಣ್ಣಗಳು ಬಿಚ್ಚಿಕೊಂಡವು: ಶಾಲೆಯ ಯೂನಿಫಾರ್ಮಿನ ನೀಲಿ, ಯಾರದೋ ರವಿಕೆಯ ಕುಂಕುಮದ ಕೆಂಪು, ಪರದೆಯೊಂದರ ಹಸಿರು. ಅವಳು ಹೋದ ಮನೆಗಳೆಲ್ಲ ಅಲ್ಲಿ ಒತ್ತೊತ್ತಾಗಿ ಕುಳಿತು ಚಾಕುವನ್ನು ಹಿಡಿದುಕೊಂಡಿದ್ದವು. ಮೋಹಿನಿ ಆ ಜೂಲನ್ನು ಬೆರಳ ತುದಿಯಲ್ಲಿ ಉಂಡೆ ಮಾಡಿ ಬಹಳ ಹೊತ್ತು ನೋಡಿದಳು.

ಖಾಲಿ ಜಾಗಕ್ಕೆ ಏನನ್ನಾದರೂ ಹಾಕಲೇಬೇಕು. ಇಲ್ಲದಿದ್ದರೆ ಉಳಿದವೆಲ್ಲ ಗಲಗಲ ಅಲುಗುತ್ತವೆ. ಅವಳ ಕಣ್ಣು ಉಕ್ಕಿನ ಸ್ಕೇಲಿನ ಮೇಲೆ ಬಿತ್ತು. ಮೊಳೆಗೆ ತೂಗುಹಾಕಲೆಂದು ಅದರ ತುದಿಯಲ್ಲಿ ಮೊದಲೇ ತೂತಿತ್ತು. ತೂತಿನ ಕಡೆಯಿಂದ ಬೇಕಾದಷ್ಟು ಕೊಯ್ದು, ಅರದಿಂದ ಅಂಚು ತಿಕ್ಕಿ, ಮೂಲೆ ದುಂಡಗೆ ಮಾಡಿ ಕೂರಿಸಿದಳು. ಚಾಕುವಿಗಿಂತ ತೆಳ್ಳಗಿದ್ದ ಪಟ್ಟಿ ಸೋತ ನಾಲಿಗೆಯಂತೆ ಜೋತುಬಿದ್ದಿತು. ಮತ್ತೆ ಬಿಚ್ಚಿದಳು. ಗುಜರಿ ಮಶೀನೊಂದರಿಂದ ನೂಲು ಬಿಗಿಮಾಡುವ ಎರಡು ಬಿಲ್ಲೆಗಳನ್ನು ತೆಗೆದು, ತಟ್ಟಿ ಚಪ್ಪಟೆ ಮಾಡಿ, ಪಟ್ಟಿಯ ಆಚೆಗೊಂದು ಈಚೆಗೊಂದು ಇಟ್ಟು ತಿರುಪು ಬಿಗಿದಳು. ಈಗ ಅದು ಬಿಡಿಸಿದಲ್ಲಿ ನಿಂತಿತು, ಮಡಚಿದಲ್ಲಿ ಮಲಗಿತು. ಸೂಜಿ ಎಷ್ಟು ಇಳಿಯುತ್ತದೆ ಎಂದು ಅಳೆಯಲು ಇಂಥದೊಂದು ಅವಳಿಗೆ ಯಾವಾಗಲೂ ಬೇಕಿತ್ತು. ಚಾಕುವನ್ನು ಒರೆಸಿ ಅಡಿಗೆಮನೆಯ ಡಬ್ಬಿಯಲ್ಲಿ ಚಮಚಗಳ ಜತೆ ಇಟ್ಟಳು.

ಮುಂದಿನ ವಾರ ಘಾಟ್ಕೋಪರ್‌ನಲ್ಲಿ ಚೀಲ ಮತ್ತೆ ನಿಂತಿತು. ಸೋನಾಲಿಗೆ ಗುರುತು ಸಿಕ್ಕಿತು. "ಫಿರ್ ಲಾಯೀ, ಮೌಶಿ?"

ಮೋಹಿನಿ ತಾನೇ ಒಂದೊಂದಾಗಿ ಬಿಡಿಸಿದಳು. ಕೊನೆಯ ಪಟ್ಟಿಯ ಮೇಲಿನ ಗೀರು, ಅಂಕಿಗಳನ್ನು ನೋಡಿ ಸೋನಾಲಿಯ ಬಾಯಿಗೆ ಮರಾಠಿ ಬಂತು. "ಅರೇ, ಹೀ ತರ್ ಫೂಟ್‌ಪಟ್ಟಿ!" ನಗುತ್ತ ಮಡಚಿ ಕೊಟ್ಟಳು. "ಜಾ, ಜಾ."

ಅಂದು ಮೋಹಿನಿ ಹೊತ್ತಿಗೆ ಸರಿಯಾಗಿ ಕ್ಲಾಸಿನಲ್ಲಿದ್ದಳು. ಹುಡುಗಿಯರ ಗಲಾಟೆಯ ನಡುವೆ ಒಂದೊಂದೇ ಮಶೀನಿನ ಕೆಮ್ಮು ಇಳಿಯಿತು. ಹೊರಡುವಾಗ ವಿಜೇತಾ ಒಂದು ವಿಳಾಸ ಹೇಳಿದಳು. "ಪಕ್ಕದ ಬಿಲ್ಡಿಂಗ್, ಥರ್ಡ್ ಫ್ಲೋರ್. ಅವರ ಮಶೀನ್ ಜಾಮ್ ಆಗಿದೆ. ನೋಡಿ ಹೋಗ್ತೀರಾ?"

ಮೂರನೆಯ ಮಹಡಿಯ ಬಾಗಿಲ ಮುಂದೆ ಮೋಹಿನಿಯ ಕೈ ತಾನಾಗಿಯೇ ಚೀಲದೊಳಗೆ ಹೋಯಿತು. ಉಕ್ಕು ಅದೇ ತಣ್ಣಗಿತ್ತು. ಆದರೆ ಅದರಲ್ಲಿ ಏನಿಲ್ಲವೆಂದು ಕೈಗೆ ತಿಳಿದಿತ್ತು. ತಿರುಗಿ ಮೆಟ್ಟಿಲಿಳಿದರೆ ಯಾರೂ ಕೇಳುವುದಿಲ್ಲ. ಒಂದು ಕ್ಷಣ ನಿಂತು, ಗಂಟೆ ಒತ್ತಿದಳು.

ಬನಿಯನ್ ತೊಟ್ಟ ನಡುವಯಸ್ಸಿನವನೊಬ್ಬ ಬಾಗಿಲು ತೆರೆದ. ಹೆಂಡತಿ ಆಫೀಸಿಗೆ ಹೋಗಿದ್ದಾಳೆ, ಮಶೀನು ಒಳಗಿದೆ ಎಂದ. ಮೋಹಿನಿ ಹೊಸ್ತಿಲು ದಾಟಿದಳು. ಹಿಂದೆ ಬಾಗಿಲು ಸರಿಯುವ ಸದ್ದು.

"ಭಾಯ್‌ಸಾಬ್." ಅವಳ ದನಿ ಅವಳಿಗೇ ಜೋರೆನಿಸಿತು. "ದರ್ವಾಜಾ ಖುಲಾ ರೆಹನೇ ದೋ."

ಆತ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತ. ಬಾಗಿಲು ತೆರೆದಿರಲಿ ಎಂದದ್ದಕ್ಕೆ ಮೋಹಿನಿ ಕಾರಣ ಹೇಳಲಿಲ್ಲ. ಗಾಳಿ ಬೇಕು ಎನ್ನಲಿಲ್ಲ, ಬೆಳಕು ಬೇಕು ಎನ್ನಲಿಲ್ಲ.

"ಹಾಂ, ಹಾಂ, ರೆಹನೇ ದೋ ನಾ," ಎಂದು ಆತ ಅಲ್ಲೇ ಬಿದ್ದಿದ್ದ ಚಪ್ಪಲಿಯೊಂದನ್ನು ಕಾಲಿನಿಂದ ಬಾಗಿಲ ಅಡಿಗೆ ತಳ್ಳಿ, ನೀರು ತರಲು ಒಳಗೆ ಹೋದ.

ಇಷ್ಟೇ ಆಗಿತ್ತು. ಮೋಹಿನಿ ಯಂತ್ರದ ಮುಂದೆ ಕುಳಿತಳು. ತೆರೆದ ಬಾಗಿಲಿನಿಂದ ಎದುರು ಮನೆಯ ಒಗ್ಗರಣೆಯ ಘಾಟು ಬರುತ್ತಿತ್ತು. ಯಾರೋ ಮೆಟ್ಟಿಲ ಮೇಲೆ ಫೋನಿನಲ್ಲಿ ಜಗಳವಾಡುತ್ತಿದ್ದರು. ಅವಳು ಇಕ್ಕಳ ತೆಗೆದು, ಸ್ಕೇಲಿನ ಪಟ್ಟಿಯನ್ನು ಉಗುರಿನಿಂದ ಬಿಡಿಸಿ, ಸೂಜಿಯ ಪಕ್ಕಕ್ಕೆ ಹಿಡಿದಳು. ಎರಡೂ ಕೈ ಯಂತ್ರದ ಮೇಲೇ ಇದ್ದವು.