ಷೆಡ್ಡಿನ ಕೀ ಯಾರ ಹತ್ತಿರ?

‘ಹಳೇ ಮೆಂಬರ್‌ಗಳಿಗೆಲ್ಲ ಒಂದೊಂದು ಕೀ ಕೊಟ್ಬಿಡೋಣ. ಒಬ್ಬೊಬ್ರೇ ಬಂದು ಕೆಲ್ಸ ಮಾಡ್ಕೊಳ್ಳಲಿ, ನಾವೇನ್ ಚಿಕ್ ಮಕ್ಕಳಾ?’ ಎಂದು ನಾನು ವಾದಿಸುತ್ತಿದ್ದಾಗಲೇ ಕರೆಂಟ್ ಹೋಯಿತು.

ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ಹವ್ಯಾಸಿಗಳೆಲ್ಲ ಸೇರಿ ಶುರುಮಾಡಿದ್ದ ವರ್ಕ್‌ಷಾಪಿನ ಸಭೆ ಅದು. ಹೊಸಬರಿಗೆ ಡ್ರಿಲ್ ಮಾತ್ರ, ಹಳಬರಿಗೆ ಲೋಹ ಕಡೆಯುವ ಲೇತ್ ಕೂಡ ಎಂಬುದಕ್ಕೆ ಎಲ್ಲರೂ ಒಪ್ಪಿದ್ದರು. ತಕರಾರು ಇದ್ದದ್ದು ಕೀ ವಿಷಯದಲ್ಲಿ. ಷೆಡ್ಡನ್ನೂ ಲೇತನ್ನೂ ನಮಗೆ ಬಿಟ್ಟುಕೊಟ್ಟಿದ್ದ ಸರೋಜಮ್ಮನೂ ಸಭೆಗೆ ಬಂದಿದ್ದರು. ಅವರ ಯಜಮಾನರು ಒಬ್ಬರೇ ಕೆಲಸ ಮಾಡುತ್ತಿದ್ದಾಗ ಅದೇ ಲೇತಿಗೆ ಅಂಗಿಯ ತೋಳು ಸಿಕ್ಕಿ ತೀರಿಕೊಂಡಿದ್ದರು.

ಕೈ ಎತ್ತಿಸಿ ತೀರ್ಮಾನಿಸೋಣ ಎನ್ನುವಷ್ಟರಲ್ಲಿ ಕರೆಂಟ್ ಬಂತು. ದೀಪ ಹತ್ತಿದ್ದೇ, ಮೂಲೆಯಲ್ಲಿದ್ದ ಲೇತ್ ಗರ್ರನೆ ತಿರುಗತೊಡಗಿತು. ಆಫ್ ಮಾಡಲು ಓಡಿದೆ. ಸ್ವಿಚ್ ಆಫ್ ಆಗಿಯೇ ಇತ್ತು. ನಾನು ಮುಟ್ಟುವ ಮೊದಲೇ ಯಂತ್ರ ತಾನಾಗಿ ನಿಂತಿತು.

ಸರೋಜಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ‘ಅವ್ರ ವೋಟೂ ಬಿತ್ತಲ್ಲ, ಬರ್ಕೊಳ್ಳಿ’ ಅಂದರು.

ಜೊತೆಗೊಬ್ಬರಿಲ್ಲದೆ ಯಾರೂ ಲೇತ್ ಮುಟ್ಟಬಾರದೆಂಬ ನಿಯಮಕ್ಕೆ ನಾನೇ ಮೊದಲು ಕೈ ಎತ್ತಿದೆ. ಇದ್ದ ಒಂದೇ ಕೀಯನ್ನು ನನಗೇ ಒಪ್ಪಿಸಿದರು. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದರೂ, ಇಂದಿಗೂ ಬಾಗಿಲು ತಟ್ಟಿಯೇ ಬೀಗ ತೆಗೆಯುತ್ತೇನೆ.