ತಕರಾರಕ್ಕನ ಸಹಿ

ಕಚೇರಿಯಲ್ಲಿ ಅವಳನ್ನು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ತಕರಾರಕ್ಕ ಎಂದೂ ಕರೆಯುತ್ತಿದ್ದರು. ಅವಳಿಗೆ ಇಷ್ಟವಾದದ್ದು ಬೆನ್ನ ಹಿಂದಿನ ಹೆಸರೇ. ತಕರಾರು ಎತ್ತುವುದಕ್ಕೇ ಅವಳಿಗೆ ಸಂಬಳ. ವಿಮಾನದ ಚಕ್ರಗಳನ್ನು ಇಳಿಸಿ ಮಡಚುವ ಎಲೆಕ್ಟ್ರಾನಿಕ್ ಬೋರ್ಡನ್ನು ಬೇರೆಯವರು ಕಟ್ಟುತ್ತಿದ್ದರು. ಅದರಲ್ಲಿ ಹುಳುಕು ಹುಡುಕುವುದು ಇವಳ ಪಾಲು. ಇವಳ ಸಹಿ ಬೀಳದೆ ಬೋರ್ಡು ವಿಮಾನ ಹತ್ತುವಂತಿರಲಿಲ್ಲ.

ಹಳೆಯ ಬೋರ್ಡಿನಲ್ಲಿ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರಿನಂಥ ಚಿಪ್ಪು ಇತ್ತು. ಆ ಒಂದೇ ಚಿಪ್ಪು ಎಡಚಕ್ರ ಏನೆನ್ನುತ್ತದೆಂದು ಕೇಳಿ, ಬಲಚಕ್ರವನ್ನು ವಿಚಾರಿಸಿ, ಬಾಗಿಲುಗಳನ್ನು ನೋಡಿ, ಮತ್ತೆ ಎಡಕ್ಕೆ ಓಡಬೇಕು. ಎಡಚಕ್ರದ ತಂತಿ ಸಡಿಲಾಗಿ ಹುಚ್ಚುಹುಚ್ಚಾಗಿ ಕೂಗತೊಡಗಿದರೆ ಅದನ್ನೇ ಸಮಾಧಾನ ಮಾಡುತ್ತ ಕೂತುಬಿಡುತ್ತಿತ್ತು. ಅಷ್ಟು ಹೊತ್ತು ಬಲಚಕ್ರಕ್ಕೆ ಹೇಳುವವರು ಕೇಳುವವರು ಇಲ್ಲ. ಇದನ್ನು ಹಿಡಿದವಳೂ ಇವಳೇ. ಅದರ ಜಾಗಕ್ಕೆ ಪ್ರೋಗ್ರಾಮಬಲ್ ಲಾಜಿಕ್ ಚಿಪ್ಪು ಹಾಕುವುದೆಂದು ತೀರ್ಮಾನವಾಯಿತು. ಅದರಲ್ಲಿ ಪ್ರತಿ ಕೆಲಸಕ್ಕೂ ಅದರದೇ ದಾರಿ ಕಟ್ಟಬಹುದು. ಎಡದ ಜಗಳ ಬಲಕ್ಕೆ ಕೇಳಿಸುವುದೇ ಇಲ್ಲ.

"ಒಬ್ಬಳೇ ಸೊಸೆ ದುಡಿಯೋ ಮನೆ ಹೋಗಿ, ತಲೆಗೊಂದು ಕೆಲಸ ಹಂಚಿಕೊಂಡ ಮನೆ ಆಗುತ್ತೆ," ಎಂದು ಅವಳು ಸಭೆಯಲ್ಲಿ ಹೇಳಿದಾಗ ಗಂಡಸರು ನಕ್ಕರು. ಅವಳು ನಗಿಸಲೆಂದು ಹೇಳಿರಲಿಲ್ಲ.

ಅವಳ ಮನೆಗೂ ಯಂತ್ರಗಳು ಬಂದಿದ್ದವು. ಬಟ್ಟೆ ಒಗೆಯಲೊಂದು, ಪಾತ್ರೆ ತೊಳೆಯಲೊಂದು. "ಇನ್ನು ನಿಂಗೆ ಮನೇಲಿ ಕೆಲಸ ಎಲ್ಲಿದೆ?" ಎಂದು ಗಂಡ ನೆಂಟರಿಗೆ ಕೇಳಿಸುವಂತೆ ಹೇಳುತ್ತಿದ್ದ. ಕಾಲರಿನ ಕೊಳೆಗೆ ಸೋಪು ತಿಕ್ಕುವುದು, ಜೇಬಿನಲ್ಲಿ ಉಳಿದ ಪೆನ್ನು ತೆಗೆಯುವುದು, ಮೋಡ ನೋಡಿ ಒಣಹಾಕುವುದು, ಮಗಳಿಗೆ ಬಿಳಿ ಅಂಗಿ ಯಾವತ್ತು ಬೇಕೆಂದು ನೆನಪಿಡುವುದು ಯಾವ ಯಂತ್ರಕ್ಕೂ ಬರುತ್ತಿರಲಿಲ್ಲ. ಅತ್ತೆ ಒಮ್ಮೆ ಮಗನಿಗೆ ಅಂದಿದ್ದರು: "ಯಂತ್ರ ತಂದೆ, ಸರಿ. ಅದಕ್ಕೆ ಕೈ, ಕಾಲು, ತಲೆ ಎಲ್ಲಾ ಇವಳದೇ."

ಹೊಸ ಬೋರ್ಡು ಪರೀಕ್ಷೆಯ ಮೇಜಿಗೆ ಬಂದಾಗ ಹಾರಾಟದ ದಿನ ಆಗಲೇ ನಿಗದಿಯಾಗಿತ್ತು. ಅವಳು ರೂಢಿಯಂತೆ ಎಡಚಕ್ರದ ತಂತಿಯನ್ನು ಬೆರಳಲ್ಲಿ ಹಿಡಿದು ಅಲುಗಾಡಿಸುತ್ತ, ಇನ್ನೊಂದು ಕೈಯಲ್ಲಿ ಬಲಚಕ್ರದ ಸ್ವಿಚ್ಚು ಒತ್ತಿ ಅದರ ದೀಪ ಹತ್ತುವುದನ್ನು ನೋಡುತ್ತಿದ್ದಳು. ಫೋನು ಬಂತು, ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ರಜೆ ಹಾಕಿ ಮನೆಯಲ್ಲಿದ್ದ ಗಂಡ.

"ಮಷೀನು ಕೂಗ್ತಾ ಇದೆ ಕಣೆ. ಏನ್ ಮಾಡ್ಲಿ?"

"ಬಟ್ಟೆ ತೆಗೀರಿ."

"ತೆಗೆದು?"

"ಒಣಹಾಕ್ರಿ."

"ಎಲ್ಲಿ?"

ಆಗಲೇ ಬಲದ ದೀಪ ಹತ್ತಿತು, ಹತ್ತಬೇಕಾದ್ದಕ್ಕಿಂತ ತಡವಾಗಿ. ಫೋನಿನಲ್ಲಿದ್ದುದರಿಂದ ತನಗೇ ಹಾಗೆ ಕಂಡಿತೇನೋ ಎಂದು ಫೋನು ಆರಿಸಿ ಮತ್ತೆ ಒತ್ತಿದಳು. ಮತ್ತೆ ತಡ. ಎಡದ ತಂತಿಯನ್ನು ಸುಮ್ಮನೆ ಬಿಟ್ಟಾಗ ಮಾತ್ರ ದೀಪ ತಕ್ಷಣ ಹತ್ತುತ್ತಿತ್ತು. ಎಡದ ಗಲಾಟೆ ಬಲಕ್ಕೆ ಮುಟ್ಟುತ್ತಿದೆಯೆಂದರೆ, ನಡುವೆ ಇಬ್ಬರ ಚಾಕರಿಗೂ ಓಡಾಡುವವರು ಯಾರೋ ಇನ್ನೂ ಇದ್ದಾರೆ.

ಬೋರ್ಡು ಕಟ್ಟುವವರಿಗೂ ಪರೀಕ್ಷಿಸುವವರಿಗೂ ಮುಖ್ಯಸ್ಥನಾಗಿದ್ದವನನ್ನು ಕರೆಸಿದಳು. "ಒಳಗೆ ಯಾರನ್ನ ಕೂರಿಸಿದ್ದೀರಿ?"

ಅವನು ಮುಚ್ಚಿಡಲಿಲ್ಲ. "ಟೈಮ್ ಇರಲಿಲ್ಲ ಮೇಡಂ. ಲಾಜಿಕ್ ಚಿಪ್ಪಿನ ಒಳಗೇ ಹಳೇದರಂಥದೇ ಒಂದು ಪುಟ್ಟ ಪ್ರೊಸೆಸರ್ ಕಟ್ಟಿ ಹಳೇ ಪ್ರೋಗ್ರಾಮನ್ನೇ ಓಡಿಸ್ತಿದ್ದೀವಿ. ಮೈಕ್ರೊಕಂಟ್ರೋಲರ್ ತೆಗೀರಿ ಅಂದ್ರಿ, ತೆಗೆದಿದ್ದೀವಲ್ಲ."

"ತೆಗೆದಿಲ್ಲ. ಅದಕ್ಕೊಂದು ಮುಸುಕು ಹಾಕಿ ಒಳಮನೇಲಿ ಕೂರಿಸಿದ್ದೀರಿ."

"ಚೂರು ತಡ, ಅಷ್ಟೇ ತಾನೆ? ತಂತಿ ಏನು ದಿನಾ ಸಡಿಲಾಗುತ್ತಾ?"

"ಸಡಿಲಾದ ದಿನ ವಿಮಾನದಲ್ಲಿ ಇರೋರನ್ನ ಕೇಳಿ."

"ನೀವು ಸಹಿ ಹಾಕದಿದ್ರೆ ಪರೀಕ್ಷೆ ಬೇರೆಯವರಿಗೆ ಕೊಡ್ತೀನಿ. ಆಮೇಲೆ ಈ ಕೋಣೇಲಿ ನಿಮಗೆ ಕೆಲಸ ಇರಲ್ಲ."

"ಧಾರಾಳವಾಗಿ ಕೊಡಿ. ನನ್ನ ತಕರಾರು ಬೋರ್ಡಿನ ಜೊತೆಗೇ ಹೋಗುತ್ತೆ. ಬಂದವರು ಅದಕ್ಕೆ ಉತ್ತರ ಬರೆದೇ ಸಹಿ ಹಾಕ್ಬೇಕು. ಏನ್ ಬರೀತಾರೋ ನೋಡೋಣ."

ಸಂಜೆ ಮನೆಗೆ ಬಂದಾಗ ಬಟ್ಟೆ ಮಷೀನಿನಲ್ಲೇ ಮುಗ್ಗಲು ಹಿಡಿದಿತ್ತು.

"ನೀನು ಫೋನ್ ಆಫ್ ಮಾಡ್ಬಿಟ್ಟೆ," ಎಂದ ಗಂಡ. "ಎಲ್ಲಿ ಒಣಹಾಕಬೇಕು ಅಂತ ಹೇಳಿದ್ರೆ ಮಾಡ್ತಿದ್ದೆ."

"ಹೇಳೋದೂ ಒಂದು ಕೆಲಸಾನೇ ರೀ. ಇವತ್ತಿಂದ ಬಟ್ಟೆ ನಿಮ್ಮದು. ಕೊಳೆ ಹುಡುಕೋದರಿಂದ ಮಡಚಿಡೋವರೆಗೆ. ನನ್ನ ಕೇಳೋ ಹಾಗಿಲ್ಲ."

"ಆಫೀಸಿನ ಕೋಪ ಮನೇಲಿ ತೋರಿಸ್ಬೇಡ."

"ಇದು ಮನೇದೇ ಕೋಪ. ಆಫೀಸಿಗೂ ಇದನ್ನೇ ತಗೊಂಡು ಹೋಗಿದ್ದೆ."

ಮರುದಿನ ಅವನು ಸುಕ್ಕು ಅಂಗಿಯಲ್ಲೇ ಹೊರಟ. ಪಕ್ಕದ ಮನೆಯಾಕೆ ಆ ಅಂಗಿಯನ್ನು ನೋಡಿ ಇವಳ ಮುಖ ನೋಡಿದಳು. ಇವಳೂ ಅಂಗಿಯನ್ನು ನೋಡಿ, ಚಹಾ ಮುಗಿಸಿ ಎದ್ದಳು.

ಕಚೇರಿಯಲ್ಲಿ ಅವಳ ತಕರಾರಿಗೆ ಉತ್ತರ ಬರೆಯಲು ಯಾರೂ ಮುಂದೆ ಬರಲಿಲ್ಲ. ಮುಖ್ಯಸ್ಥ ಅವಳನ್ನು ದಾಸ್ತಾನು ಕೋಣೆಗೆ ಅಟ್ಟಿ ಹಳೇ ಬಿಡಿಭಾಗಗಳ ಧೂಳು ಒರೆಸಲು ಹಚ್ಚಿದ. "ಮನೇಲಿ ಅಭ್ಯಾಸ ಇದೆ," ಎನ್ನುತ್ತ ಒರೆಸಿದಳು. ಸಹಿ ಮಾತ್ರ ಹಾಕಲಿಲ್ಲ. ಹಾರಾಟ ಮುಂದಕ್ಕೆ ಹೋಯಿತು. ಕೊನೆಗೆ ಒಳಗಿನ ಪ್ರೊಸೆಸರನ್ನು ಕಿತ್ತು, ಎಡಕ್ಕೆ ಎಡದ್ದು, ಬಲಕ್ಕೆ ಬಲದ್ದು ಎಂದು ಬೇರೆಬೇರೆ ದಾರಿ ಕಟ್ಟಿದ ಬೋರ್ಡು ಬಂತು, ಅವಳನ್ನೂ ಕರೆಸಬೇಕಾಯಿತು. ಬೆರಳು ನೋಯುವ ತನಕ ಎಡದ ತಂತಿ ಅಲುಗಾಡಿಸಿದಳು. ಬಲದ ದೀಪ ಒತ್ತಿದೊಡನೆ ಹತ್ತಿತು, ಪ್ರತಿ ಸಲವೂ. ಸಹಿ ಹಾಕಿದಳು.

"ಈಗ ಸಮಾಧಾನ ಆಯ್ತಾ ಮೇಡಂ?" ಎಂದ ಮುಖ್ಯಸ್ಥ.

"ತಕರಾರಕ್ಕ ಅನ್ನಿ. ಎದುರಿಗೇ ಅನ್ನಿ."

ಅವತ್ತು ಮನೆಯಲ್ಲಿ ಅವಳು ಅತ್ತೆಯ ಪಕ್ಕ ಕಾಲು ಚಾಚಿ ಕೂತಳು. ಮಷೀನು ಕೂಗುತ್ತಿತ್ತು.

"ಅಲ್ಲಿ ಸಹಿ ಹಾಕಿದೆಯಂತೆ," ಎಂದರು ಅತ್ತೆ. "ಇಲ್ಲಿ ಯಾವಾಗ?"

"ಇಲ್ಲಿ ಪರೀಕ್ಷೆ ಇನ್ನೂ ನಡೀತಿದೆ ಅತ್ತೆ."

ಕೂಗು ನಿಂತಿತು. ಒದ್ದೆ ಬಟ್ಟೆ ಬಕೆಟ್ಟಿಗೆ ಬಿದ್ದ ಸದ್ದು. ಒಳಗಿನಿಂದ ಗಂಡ, "ಕ್ಲಿಪ್ಪು ಎಲ್ಲಿದೆ?" ಎಂದ.

ಇಬ್ಬರು ಹೆಂಗಸರೂ ಬಾಯಿ ಬಿಡಲಿಲ್ಲ.